ಇಂಗಾಲದ ಪಂಜರ ಅಣುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

'ಬಕಿಬಾಲ್' ಅನ್ನುವ ಹೆಸರು ಪಠ್ಯಪುಸ್ತಕದಲ್ಲಿ ಒಂದು ಚಿತ್ರ, ಎರಡು ಸಾಲಿಗೆ ಮುಗಿದುಹೋಗುತ್ತದೆ. ಆಮೇಲೆ ಅದು ಮತ್ತೆ ಎದುರಾಗುವುದು ಆಯುಷ್ಯ ಹೆಚ್ಚಿಸುವ ಎಣ್ಣೆಯ ಜಾಹೀರಾತಿನಲ್ಲಿ. ನಡುವಿನ ರಸಾಯನಶಾಸ್ತ್ರವನ್ನು ಹೇಳುವವರು ಕಡಿಮೆ. ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮ, ಮೇಷ್ಟ್ರುಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕು ಮಾತು ಸಾಕು.

ಇಂಗಾಲದ ಪಂಜರ ಅಂದರೆ ಏನು?

ಇಂಗಾಲದ ಪರಮಾಣುಗಳು ಸೇರಿ ಉಂಗುರಗಳಾಗುತ್ತವೆ. ಬೆಂಜೀನ್ ಅಂಥದ್ದೇ ಒಂದು ಉಂಗುರ. ಉಂಗುರಗಳು ಒಂದಕ್ಕೊಂದು ಕೂಡಿಕೊಂಡು, ಬಾಗಿ, ಎಲ್ಲಾ ಕಡೆಯಿಂದ ಮುಚ್ಚಿಕೊಂಡರೆ ಅದು ಪಂಜರ.

ಇದರಲ್ಲಿ ಎರಡು ಮನೆತನ ಇದೆ. ಒಂದು ಫುಲರೀನ್‌ಗಳದ್ದು. ಬರೀ ಇಂಗಾಲ, ಒಳಗೆ ಖಾಲಿ ಜಾಗ. ಸಿ60, ಸಿ70, ಸಿ84 ಎಲ್ಲಾ ಈ ಕಡೆಯವು. 'ಸಿ' ಅಂದರೆ ಇಂಗಾಲ, ಪಕ್ಕದ ಸಂಖ್ಯೆ ಅಂದರೆ ಅಣುವಿನಲ್ಲಿ ಎಷ್ಟು ಇಂಗಾಲ ಇದೆ ಅನ್ನುವುದು. ಬಕಿಬಾಲ್ ಅನ್ನುವುದು ಸಿ60ರ ಅಡ್ಡಹೆಸರು. ಇನ್ನೊಂದು ಚಿಕ್ಕ ಪಂಜರಗಳದ್ದು: ಅಡಮಾಂಟೇನ್, ಕ್ಯೂಬೇನ್, ಹೀಗೆ. ಇವುಗಳ ಚೌಕಟ್ಟಿನ ಹೊರಗೆ ಹೈಡ್ರೋಜನ್ ಇರುತ್ತದೆ, ಒಳಗೆ ಜಾಗ ಇಲ್ಲ ಅಂತಲೇ ಅನ್ನಬಹುದು. ಹೆಸರು ಮಾಡಿದ್ದು ಮೊದಲನೆಯ ಮನೆತನ. ಮನೆ ಮನೆಗೆ ಬಂದಿರುವುದು ಎರಡನೆಯದು. ಹೇಗೆ ಅನ್ನುವುದು ಕೆಳಗೆ ಔಷಧಿಯ ಪ್ರಶ್ನೆಯಲ್ಲಿದೆ.

ಸಿ60 ನಿಜಕ್ಕೂ ಫುಟ್‌ಬಾಲ್ ಥರಾನೇ ಇದೆಯಾ?

ಹೌದು. ಹಳೇ ಕಪ್ಪು-ಬಿಳಿ ಫುಟ್‌ಬಾಲ್ ನೆನಪಿಸಿಕೊಳ್ಳಿ. ಕಪ್ಪು ತುಂಡುಗಳಿಗೆ ಐದು ಮೂಲೆ, ಬಿಳಿಯವಕ್ಕೆ ಆರು. ಕಪ್ಪು 12, ಬಿಳಿ 20. ಹೊಲಿಗೆಗಳು ಸೇರುವ ಮೂಲೆಗಳನ್ನು ಎಣಿಸಿದರೆ 60. ಒಂದೊಂದು ಮೂಲೆಯಲ್ಲಿ ಒಂದೊಂದು ಇಂಗಾಲ ಕೂರಿಸಿದರೆ ಅದೇ ಸಿ60. ಹೊಲಿಗೆಗಳೇ ಬಂಧಗಳು, ಅವು 90.

ಆದರೆ 90 ಬಂಧಗಳೂ ಒಂದೇ ಉದ್ದ ಇಲ್ಲ. ಎರಡು ಬಿಳಿ ತುಂಡುಗಳ ನಡುವಿನ 30 ಬಂಧಗಳು ಗಿಡ್ಡ, ಸುಮಾರು 1.40 ಆಂಗ್‌ಸ್ಟ್ರಾಂ (ಹತ್ತು ಆಂಗ್‌ಸ್ಟ್ರಾಂ ಸೇರಿದರೆ ಒಂದು ನ್ಯಾನೋಮೀಟರ್). ಕಪ್ಪು-ಬಿಳಿ ನಡುವಿನ 60 ಬಂಧಗಳು ಕೊಂಚ ಉದ್ದ, 1.45ರ ಆಸುಪಾಸು. ಈ ಸಣ್ಣ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾತ್ರ ಕೇಳಿದರೆ, ಒಂದು ಇಂಗಾಲದಿಂದ ಎದುರಿನ ಇಂಗಾಲಕ್ಕೆ 0.71 ನ್ಯಾನೋಮೀಟರ್. ಹೊರಗಿನ ಎಲೆಕ್ಟ್ರಾನ್ ಮೋಡವನ್ನೂ ಸೇರಿಸಿದರೆ ಹತ್ತಿರ ಹತ್ತಿರ ಒಂದು ನ್ಯಾನೋಮೀಟರ್.

ಐದು ಮೂಲೆಯ ಉಂಗುರ ಯಾವಾಗಲೂ 12 ಅಂತಾರೆ. ಯಾಕೆ?

ಇದು ರಸಾಯನಶಾಸ್ತ್ರ ಅಲ್ಲ, ಲೆಕ್ಕ. ಒಂದು ಕಾಗದ ತೆಗೆದುಕೊಂಡರೆ ನೀವೇ ಮಾಡಬಹುದು.

ಆಯ್ಲರ್ ಸೂತ್ರದ ಪ್ರಕಾರ ಇಂಥ ಮುಚ್ಚಿದ ಆಕೃತಿಗೆ ಮೂಲೆಗಳು − ಅಂಚುಗಳು + ಮುಖಗಳು = 2. ಐದು ಮೂಲೆಯ ಮುಖಗಳನ್ನು 'ಪ' ಅನ್ನಿ, ಆರು ಮೂಲೆಯವನ್ನು 'ಷ' ಅನ್ನಿ. ಫುಲರೀನ್‌ನಲ್ಲಿ ಪ್ರತಿ ಇಂಗಾಲಕ್ಕೂ ಮೂವರು ನೆರೆಯವರು. ಹಾಗಾಗಿ ಅಂಚುಗಳು ಮೂಲೆಗಳ ಒಂದೂವರೆ ಪಟ್ಟು. ಪ್ರತಿ ಮೂಲೆಯಲ್ಲೂ ಮೂರು ಮುಖ ಸೇರುತ್ತವೆ. ಹಾಗಾಗಿ ಮೂಲೆಗಳ ಮೂರು ಪಟ್ಟು = 5ಪ + 6ಷ. ಈಗ ಮೊದಲ ಸೂತ್ರವನ್ನು 6ರಿಂದ ಗುಣಿಸಿ: 6ಪ + 6ಷ − (ಮೂಲೆಗಳ ಮೂರು ಪಟ್ಟು) = 12. ಆ ಮೂರು ಪಟ್ಟಿನ ಜಾಗಕ್ಕೆ 5ಪ + 6ಷ ಹಾಕಿ. 'ಷ' ಹೊರಟುಹೋಗುತ್ತದೆ, ಪ = 12 ಉಳಿಯುತ್ತದೆ.

ಅಂದರೆ ಪಂಜರ ಎಷ್ಟೇ ದೊಡ್ಡದಾಗಲಿ, ಐದು ಮೂಲೆಯವು ಹನ್ನೆರಡೇ. ಹೆಚ್ಚಾಗುವುದು ಆರು ಮೂಲೆಯವು ಮಾತ್ರ. ಎರಡು ಐದು-ಮೂಲೆ ಉಂಗುರಗಳು ಅಕ್ಕಪಕ್ಕ ಕೂತರೆ ಅಲ್ಲಿ ಬಿಗಿತ ಜಾಸ್ತಿ, ಅಣು ಬಾಳುವುದು ಕಷ್ಟ. 60 ಇಂಗಾಲಗಳಿಂದ ಇಂಥ ಪಂಜರವನ್ನು 1,812 ಬಗೆಯಲ್ಲಿ ಕಟ್ಟಬಹುದು. ಅವುಗಳಲ್ಲಿ ಹನ್ನೆರಡೂ ದೂರ ದೂರ ಇರುವುದು ಒಂದೇ ಒಂದರಲ್ಲಿ, ಅದೇ ಫುಟ್‌ಬಾಲ್ ಆಕಾರ. 60ಕ್ಕಿಂತ ಕಡಿಮೆ ಇಂಗಾಲ ಇದ್ದರೆ ಅದು ಸಾಧ್ಯವೇ ಇಲ್ಲ. ಮುಂದಿನ ಅವಕಾಶ ಸಿ70. ಮಸಿಯಲ್ಲಿ ಸಿಗುವುದೂ ಮುಖ್ಯವಾಗಿ ಈ ಎರಡೇ.

ಕಂಡುಹಿಡಿದವರು ಯಾರು?

1985ರ ಸೆಪ್ಟೆಂಬರ್, ಅಮೆರಿಕದ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯ. ರಿಚರ್ಡ್ ಸ್ಮಾಲಿ ಅವರ ಬಳಿ ಲೇಸರ್‌ನಿಂದ ಯಾವುದೇ ವಸ್ತುವನ್ನು ಆವಿ ಮಾಡಿ, ಆ ಆವಿಯಲ್ಲಿ ಎಂಥ ಗುಂಪುಗಳು ಹುಟ್ಟುತ್ತವೆ ಎಂದು ತೂಗಿ ನೋಡುವ ಯಂತ್ರ ಇತ್ತು. ಇಂಗ್ಲೆಂಡಿನ ಸಸೆಕ್ಸ್‌ನಿಂದ ಬಂದ ಹ್ಯಾರಿ ಕ್ರೋಟೊ ಅವರಿಗೆ ಬೇಕಾಗಿದ್ದು ಬೇರೆಯದೇ. ಇಂಗಾಲ ಜಾಸ್ತಿ ಇರುವ ಕೆಂಪು ದೈತ್ಯ ನಕ್ಷತ್ರಗಳ ಸುತ್ತ ಉದ್ದುದ್ದ ಇಂಗಾಲದ ಸರಪಳಿಗಳು ಹೇಗೆ ಆಗುತ್ತವೆ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಇಬ್ಬರನ್ನೂ ಸೇರಿಸಿದವರು ರೈಸ್‌ನ ರಾಬರ್ಟ್ ಕರ್ಲ್. ಹಗಲು ರಾತ್ರಿ ಯಂತ್ರದ ಮುಂದೆ ಕೂತವರು ಜೇಮ್ಸ್ ಹೀತ್, ಶಾನ್ ಓಬ್ರಿಯನ್ ಎಂಬ ವಿದ್ಯಾರ್ಥಿಗಳು.

ಗ್ರಾಫೈಟ್‌ಗೆ ಲೇಸರ್ ಬಿಟ್ಟು, ಆವಿಯನ್ನು ಹೀಲಿಯಂನಲ್ಲಿ ತಣಿಸಿದಾಗ 720ರ ತೂಕದಲ್ಲಿ ಒಂದು ಗೆರೆ ಎದ್ದು ನಿಂತಿತು. ಒಂದು ಇಂಗಾಲದ ತೂಕ 12, ಅದರ 60 ಪಟ್ಟು. ಪಕ್ಕದಲ್ಲಿ 840, ಅಂದರೆ ಸಿ70. ಹಿಂದಿನ ವರ್ಷವೇ ಎಕ್ಸಾನ್ ಕಂಪನಿಯ ವಿಜ್ಞಾನಿಗಳು ಇಂಥದ್ದೇ ಗೆರೆಗಳನ್ನು ಕಂಡಿದ್ದರು, 60ರ ವಿಶೇಷ ಅವರ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಮಾತ್ರ 60ಕ್ಕೇ ಯಾಕೆ ಇಷ್ಟು ಬಲ ಎಂಬ ಚರ್ಚೆ ಶುರುವಾಯಿತು. ಹೀತ್ ಮತ್ತು ಅವರ ಹೆಂಡತಿ ಮನೆಯಲ್ಲಿ ಮೆತ್ತನೆ ಮಿಠಾಯಿಗೆ ಹಲ್ಲುಕಡ್ಡಿ ಚುಚ್ಚಿ ಆಕಾರ ಕಟ್ಟಲು ನೋಡಿದರು. ಸ್ಮಾಲಿ ರಾತ್ರಿ ಕಂಪ್ಯೂಟರ್ ಬಿಟ್ಟು ಕತ್ತರಿ, ಕಾಗದ ಹಿಡಿದರು. ಬರೀ ಆರು ಮೂಲೆಯ ತುಂಡುಗಳನ್ನು ಅಂಟಿಸಿದರೆ ಅದು ಮುಚ್ಚಿಕೊಳ್ಳಲೇ ಇಲ್ಲ. ಐದು ಮೂಲೆಯವನ್ನು ಸೇರಿಸಿದ ಕೂಡಲೇ ತಾನಾಗಿ ಬಾಗಿ ಚೆಂಡಾಯಿತು. ಎಣಿಸಿದರೆ 60 ಮೂಲೆ. ಪ್ರತಿ ಇಂಗಾಲಕ್ಕೂ ನಾಲ್ಕು ಬಂಧದ ಲೆಕ್ಕ ಕೂಡುತ್ತದಾ ಎಂದು ಕರ್ಲ್ ಕೂತು ತಾಳೆ ನೋಡಿದರು. ಕೂಡಿತು. ಇದಕ್ಕೆ ಹೆಸರೇನು ಎಂದು ಗಣಿತ ವಿಭಾಗಕ್ಕೆ ಫೋನ್ ಮಾಡಿ ಕೇಳಿದರೆ, ನೀವು ಕಂಡುಹಿಡಿದಿರುವುದು ಫುಟ್‌ಬಾಲ್ ಎಂಬ ಉತ್ತರ ಬಂತು! ಗುಮ್ಮಟದ ಕಟ್ಟಡಗಳಿಗೆ ಹೆಸರಾದ ಬಕ್‌ಮಿನ್‌ಸ್ಟರ್ ಫುಲರ್ ನೆನಪಿಗೆ ಅಣುವಿಗೆ ಅವರ ಹೆಸರಿಟ್ಟರು.

1996ರ ನೊಬೆಲ್ ಕರ್ಲ್, ಕ್ರೋಟೊ, ಸ್ಮಾಲಿ ಮೂವರಿಗೆ ಬಂತು. ನೊಬೆಲ್ ಮೂವರಿಗಿಂತ ಹೆಚ್ಚು ಜನಕ್ಕೆ ಕೊಡುವುದಿಲ್ಲ. ವಿದ್ಯಾರ್ಥಿಗಳು ಹೊರಗೆ ಉಳಿದರು. ನನಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ. ಇನ್ನೊಂದು ಮಾತು: ಜಪಾನಿನ ಏಜಿ ಒಸಾವಾ 1970ರಲ್ಲೇ ಈ ಅಣು ಇರಬಹುದು ಎಂದು ಬರೆದಿದ್ದರು. ಬರೆದದ್ದು ಜಪಾನಿ ಭಾಷೆಯಲ್ಲಿ. ಹೊರಗಿನವರು ಓದಲಿಲ್ಲ.

ಆಗ ಸಿಕ್ಕಿದ್ದು ಯಂತ್ರದಲ್ಲಿ ಒಂದು ಗೆರೆ ಮಾತ್ರ. ಕೈಗೆ ಸಿಕ್ಕಿದ್ದು ಯಾವಾಗ?

ಐದು ವರ್ಷ ಆದ ಮೇಲೆ. 1990ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ವೋಲ್ಫ್‌ಗಾಂಗ್ ಕ್ರೆಚ್‌ಮರ್ ಮತ್ತು ಅಮೆರಿಕದ ಅರಿಜೋನದ ಡೊನಾಲ್ಡ್ ಹಫ್‌ಮನ್ ತಂಡದವರು ಎಷ್ಟು ಸುಲಭದ ದಾರಿ ತೋರಿಸಿದರು ಅಂದರೆ, ಉಳಿದವರೆಲ್ಲಾ ತಲೆ ಚಚ್ಚಿಕೊಳ್ಳಬೇಕು. ಎರಡು ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಆರ್ಕ್ ಹೊತ್ತಿಸಿ, ಸುತ್ತ ಕಡಿಮೆ ಒತ್ತಡದ ಹೀಲಿಯಂ ಇಟ್ಟು, ಬಂದ ಮಸಿಯನ್ನು ಕೆರೆದು ಬೆಂಜೀನ್‌ಗೆ ಹಾಕಿದರು. ಗ್ರಾಫೈಟ್ ಆಗಲಿ, ವಜ್ರ ಆಗಲಿ, ಸಾದಾ ಮಸಿ ಆಗಲಿ ಬೆಂಜೀನ್‌ನಲ್ಲಿ ಕರಗುವುದಿಲ್ಲ. ಇಲ್ಲಿ ಬೆಂಜೀನ್ ಕೆಂಪಾಯಿತು. ಇಂಗಾಲದ್ದೇ ಒಂದು ರೂಪ ಕರಗಿತ್ತು!

ಅದೇ ಹೊತ್ತಿಗೆ ಸಸೆಕ್ಸ್‌ನಲ್ಲಿ ಕ್ರೋಟೊ ಅವರ ವಿದ್ಯಾರ್ಥಿ ಜೊನಾಥನ್ ಹೇರ್ ಕೂಡ ಕೆಂಪು ದ್ರಾವಣ ಪಡೆದಿದ್ದರು. ಅಷ್ಟರಲ್ಲಿ ನೇಚರ್ ಪತ್ರಿಕೆಯವರು ಕ್ರೆಚ್‌ಮರ್ ಲೇಖನವನ್ನು ಅಭಿಪ್ರಾಯಕ್ಕೆಂದು ಕ್ರೋಟೊ ಅವರಿಗೇ ಕಳುಹಿಸಿದರು. ತಮ್ಮ ಕೈ ತಪ್ಪಿತು ಎಂದು ಗೊತ್ತಾದರೂ ಲೇಖನ ಪ್ರಕಟಿಸಿ ಎಂದೇ ಅವರು ಬರೆದರು. ಆದರೆ ಸಸೆಕ್ಸ್‌ನವರು ಒಂದು ಮುಖ್ಯ ಕೆಲಸವನ್ನು ಮುಂಚೆ ಮುಗಿಸಿದರು. ಸಿ60, ಸಿ70 ಎರಡನ್ನೂ ಬೇರ್ಪಡಿಸಿ ಎನ್‌ಎಂಆರ್ ನೋಡಿದರು, ಅಂದರೆ ಅಣುವಿನಲ್ಲಿ ಎಷ್ಟು ಥರದ ಇಂಗಾಲ ಇದೆ ಎಂದು ಗೆರೆಗಳಿಂದ ತಿಳಿಯುವ ವಿಧಾನ. ಸಿ60ಕ್ಕೆ ಒಂದೇ ಗೆರೆ, 143 ಪಿಪಿಎಂ ಹತ್ತಿರ. 60 ಇಂಗಾಲಗಳೂ ಒಂದೇ ಥರ ಇದ್ದರೆ ಮಾತ್ರ ಹೀಗೆ ಬರಲು ಸಾಧ್ಯ. ಸಿ70ಕ್ಕೆ ಐದು ಗೆರೆ, ಲೆಕ್ಕ ಹಾಕಿದ ಹಾಗೇ.

ಲ್ಯಾಬಿನಲ್ಲಿ ಅದು ನೋಡಲು ಹೇಗಿರುತ್ತದೆ?

ಪುಡಿ ಕಪ್ಪು. ಏನೂ ವಿಶೇಷ ಕಾಣುವುದಿಲ್ಲ. ಒಂದು ಚಿಟಿಕೆಯನ್ನು ಟಾಲ್ವೀನ್ ಎಂಬ ಬೆಂಜೀನ್ ಜಾತಿಯ ದ್ರಾವಕಕ್ಕೆ ಹಾಕಿ ಅಲ್ಲಾಡಿಸಿದರೆ ನೇರಳೆ ಬಣ್ಣ ಬಿಡುತ್ತದೆ. ಸಿ70 ಆದರೆ ಕೆಂಗಂದು. ಎರಡೂ ಸೇರಿದ ಮಸಿಯ ರಸವನ್ನು ಇದ್ದಿಲು-ಸಿಲಿಕಾ ತುಂಬಿದ ಗಾಜಿನ ಕೊಳವೆಗೆ ಸುರಿದು ಟಾಲ್ವೀನ್ ಬಿಡುತ್ತಾ ಹೋದರೆ ಮೊದಲು ನೇರಳೆ ಪಟ್ಟಿ ಇಳಿದು ಬರುತ್ತದೆ, ಹಿಂದೆ ಕೆಂಗಂದು ಪಟ್ಟಿ. ನೇರಳೆ ಮುಗಿಯುವ ಹೊತ್ತಿಗೆ ಬಾಟಲಿ ಬದಲಾಯಿಸಬೇಕು. ನಡುವೆ ಬರುವ ಕಲಸು ಬಣ್ಣದ ಭಾಗವನ್ನು ಬೇರೆ ತೆಗೆದಿಟ್ಟು ಮತ್ತೆ ಹರಿಸುತ್ತಾರೆ. ಕಣ್ಣಳತೆಯಲ್ಲೇ ಮಾಡಬಹುದಾದ ಬೇರ್ಪಡಿಕೆ ಇದು, ನನಗೆ ಬಲು ಇಷ್ಟ.

ಒಂದು ಮಿಲಿಲೀಟರ್ ಟಾಲ್ವೀನ್ ಸುಮಾರು 2.8 ಮಿಲಿಗ್ರಾಂ ಸಿ60 ಹಿಡಿಯುತ್ತದೆ. ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬೇಕು.

ಮನೆಯ ದೀಪದ ಮಸಿಯಲ್ಲೂ ಇರುತ್ತಾ?

ಉರಿಯಲ್ಲಿ ಫುಲರೀನ್ ಆಗುವುದು ನಿಜ. ಜಪಾನಿನಲ್ಲಿ ಹೈಡ್ರೋಕಾರ್ಬನ್ನನ್ನು ಕಡಿಮೆ ಒತ್ತಡದಲ್ಲಿ, ಅಳೆದು ಕೊಟ್ಟ ಆಮ್ಲಜನಕದಲ್ಲಿ ಸುಟ್ಟು ಟನ್ ಲೆಕ್ಕದಲ್ಲಿ ತಯಾರಿಸುವ ಕಾರ್ಖಾನೆಯೇ ಬಂತು. ಆದರೆ ದೇವರ ದೀಪದ ಮಸಿ ಕೆರೆದು ಸಿ60 ತೆಗೆಯುತ್ತೇನೆ ಅಂದರೆ ಆಗದ ಕೆಲಸ.

ಕರ್ಪೂರದ ವಿಷಯ ಬೇರೆ. 1994ರಲ್ಲಿ ಐಐಟಿ ಬಾಂಬೆಯ ಮಹೇಶ್ವರ್ ಶರೋನ್ ಮತ್ತು ಸಂಗಡಿಗರು ಕರ್ಪೂರದ ಮಸಿಯಿಂದ ಫುಲರೀನ್ ಪಡೆದದ್ದನ್ನು ಪ್ರಕಟಿಸಿದರು. ಅದಕ್ಕೂ ಆ ಮಸಿಯನ್ನು ಲ್ಯಾಬಿನಲ್ಲಿ ಮತ್ತೆ ಸಂಸ್ಕರಿಸಬೇಕು. ಮಂಗಳಾರತಿ ತಟ್ಟೆಯಲ್ಲಿ ಹುಡುಕಬೇಡಿ.

ಸಿ60 ಬೆಂಜೀನ್ ಥರ ನಡೆದುಕೊಳ್ಳುತ್ತಾ?

ಮೊದಮೊದಲು ಎಲ್ಲರೂ ಹಾಗೇ ಅಂದುಕೊಂಡಿದ್ದರು. 20 ಬೆಂಜೀನ್ ಉಂಗುರ ಸೇರಿದ್ದು, ಇದಕ್ಕಿಂತ ಗಟ್ಟಿ ಇನ್ಯಾವುದು ಅಂತ. ಹಾಗೆ ಆಗಲಿಲ್ಲ.

ಮೇಲೆ ಹೇಳಿದ ಗಿಡ್ಡ ಮತ್ತು ಉದ್ದ ಬಂಧಗಳಿಗೆ ಈಗ ಬನ್ನಿ. ಬೆಂಜೀನ್‌ನಲ್ಲಿ ಆರು ಬಂಧಗಳೂ ಒಂದೇ ಉದ್ದ, ಎಲೆಕ್ಟ್ರಾನ್‌ಗಳು ಸಮವಾಗಿ ಹಂಚಿಹೋಗಿವೆ. ಸಿ60ರಲ್ಲಿ ಹಾಗಿಲ್ಲ. ದ್ವಿಬಂಧಗಳು ಆ 30 ಗಿಡ್ಡ ಬಂಧಗಳಲ್ಲೇ ಉಳಿಯಲು ನೋಡುತ್ತವೆ. ಐದು ಮೂಲೆಯ ಉಂಗುರದ ಒಳಕ್ಕೆ ಹೋಗಲು ಅವಕ್ಕೆ ಇಷ್ಟವಿಲ್ಲ. ಹಾಗಾಗಿ ಸಿ60 ಅಂದರೆ ಎಲೆಕ್ಟ್ರಾನ್ ಕೊರತೆ ಇರುವ 30 ಆಲ್ಕೀನ್‌ಗಳು (ಇಂಗಾಲದ ನಡುವೆ ದ್ವಿಬಂಧ ಇರುವಂಥವು) ಒಂದೇ ಚೆಂಡಿನ ಮೇಲೆ ಇವೆ ಎಂದು ಭಾವಿಸಿದರೆ ಅದರ ನಡವಳಿಕೆ ಸರಿಯಾಗಿ ಅರ್ಥವಾಗುತ್ತದೆ.

ಎರಡನೇ ಕಾರಣ ಬಿಗಿತ. ಗ್ರಾಫೈಟ್‌ನಲ್ಲಿ ಇಂಗಾಲದ ಮೂರು ಬಂಧ ಚಪ್ಪಟೆಯಾಗಿರುತ್ತವೆ. ಇಲ್ಲಿ ಪ್ರತಿ ಇಂಗಾಲವೂ ಹೊರಗೆ ಉಬ್ಬಿದೆ. ಯಾರಾದರೂ ಬಂದು ಹೊರಗಿನಿಂದ ನಾಲ್ಕನೇ ಬಂಧ ಕಟ್ಟಿದರೆ ಆ ಇಂಗಾಲಕ್ಕೆ ನಿರಾಳ. ಅದಕ್ಕೇ ಸಿ60 ಸೇರಿಸಿಕೊಳ್ಳುವ ಕ್ರಿಯೆಗಳನ್ನೇ ಮಾಡುತ್ತದೆ. ಬೆಂಜೀನ್ ಮಾಡುವ ಅದಲುಬದಲಿನ ಕ್ರಿಯೆ ಮಾಡಲು ಇದರ ಮೇಲೆ ಒಂದು ಹೈಡ್ರೋಜನ್ ಕೂಡ ಇಲ್ಲ, ಅಲ್ವಾ?

ಹಾಗಾದರೆ ಯಾವ ಕ್ರಿಯೆಗಳನ್ನು ಕಲಿಯಬೇಕು?

ಪರೀಕ್ಷೆಗೆ ಮತ್ತು ಕೆಲಸಕ್ಕೆ ಎರಡು ಹೆಸರು ಸಾಕು. ಬಿಂಗೆಲ್ ಕ್ರಿಯೆ ಮತ್ತು ಪ್ರಾಟೊ ಕ್ರಿಯೆ. ಎರಡೂ 1993ರವು. ಬಿಂಗೆಲ್‌ನಲ್ಲಿ ಬ್ರೋಮೋಮಲೊನೇಟ್ ಎಂಬ ಸಂಯುಕ್ತದಿಂದ ಪಂಜರದ ಮೇಲೆ ಮೂರು ಮೂಲೆಯ ಉಂಗುರ ಕೂರುತ್ತದೆ. ಪ್ರಾಟೊದಲ್ಲಿ ಸಾರ್ಕೊಸಿನ್ ಎಂಬ ಅಮೈನೋ ಆಮ್ಲ, ಫಾರ್ಮಾಲ್ಡಿಹೈಡ್ ಮತ್ತು ಸಿ60 ಮೂರನ್ನೂ ಟಾಲ್ವೀನ್‌ನಲ್ಲಿ ಕುದಿಸಿದರೆ ಐದು ಮೂಲೆಯ ಸಾರಜನಕದ ಉಂಗುರ ಬರುತ್ತದೆ. ಫಾರ್ಮಾಲ್ಡಿಹೈಡ್ ಬದಲು ಬೇರೆ ಆಲ್ಡಿಹೈಡ್ ಹಾಕಿದರೆ ಬೇಕಾದ ಗುಂಪನ್ನು ಪಂಜರಕ್ಕೆ ಅಂಟಿಸಬಹುದು. ಅದಕ್ಕೇ ಈ ಕ್ರಿಯೆ ಅಷ್ಟು ಜನಪ್ರಿಯ.

ತಲೆನೋವು ಎಲ್ಲಿ ಅಂದರೆ, ನಿಲ್ಲಿಸುವುದರಲ್ಲಿ. 30 ಜಾಗ ಇದೆ. ಒಂದು ಗುಂಪು ಕೂತ ಮೇಲೆ ಎರಡನೆಯದು ಎಂಟು ಬೇರೆ ಬೇರೆ ಕಡೆ ಕೂರಬಹುದು. ಎಲ್ಲವೂ ಕಲಸಿ ಬರುತ್ತವೆ. ಹಾಗಾಗಿ ಸಿ60 ಪೂರ್ತಿ ಖರ್ಚಾಗುವ ಮುಂಚೆಯೇ ಕ್ರಿಯೆಯನ್ನು ನಿಲ್ಲಿಸಿ, ಒಂದು ಗುಂಪಿನದನ್ನು ಮಾತ್ರ ಬೇರ್ಪಡಿಸಿಕೊಳ್ಳುವುದು ರೂಢಿ.

ಇದಕ್ಕೆ ಎಲೆಕ್ಟ್ರಾನ್ ಹಸಿವು ಜಾಸ್ತಿ ಅಂತಾರೆ. ಎಷ್ಟು?

ಒಂದು ಸಿ60 ಆರು ಎಲೆಕ್ಟ್ರಾನ್ ತೆಗೆದುಕೊಳ್ಳಬಲ್ಲದು. ಅದರ ಖಾಲಿ ಇರುವ ಮೊದಲ ಮಟ್ಟದಲ್ಲಿ ಒಂದೇ ಎತ್ತರದ ಮೂರು ಕೋಣೆ ಇವೆ, ಕೋಣೆಗೆ ಎರಡರಂತೆ ಆರು. 1992ರಲ್ಲಿ ದ್ರಾವಣದಲ್ಲಿ ಆರನ್ನೂ ಒಂದೊಂದಾಗಿ ಕೊಟ್ಟು ತೋರಿಸಿದರು.

ಸರಿಯಾಗಿ ಮೂರು ಎಲೆಕ್ಟ್ರಾನ್ ಕೊಟ್ಟರೆ ಇನ್ನೊಂದು ಮಜಾ ಇದೆ. ಸಿ60 ಹರಳಿನ ಸಂದಿಗಳಲ್ಲಿ ಪೊಟ್ಯಾಸಿಯಂ ಸೇರಿಸಿ ಕೆ3ಸಿ60 ಮಾಡಿದರೆ, 18 ಕೆಲ್ವಿನ್‌ಗಿಂತ ಕೆಳಗಿನ ಭಾರಿ ತಣ್ಣಗೆಯಲ್ಲಿ ಅದು ಸೂಪರ್‌ಕಂಡಕ್ಟರ್, ಅಂದರೆ ವಿದ್ಯುತ್ತಿಗೆ ತಡೆಯೇ ಇಲ್ಲ. 1991ರಲ್ಲಿ ಬೆಲ್ ಲ್ಯಾಬ್ಸ್‌ನವರು ಕಂಡ ವಿಷಯ. ರುಬಿಡಿಯಂ ಹಾಕಿದರೆ 28ರ ಆಸುಪಾಸಿಗೆ ಏರುತ್ತದೆ. ಸೀಸಿಯಂದು ಒತ್ತಡದಲ್ಲಿ 38. ಗಾಳಿ ತಾಗಿದರೆ ಎಲ್ಲಾ ಹಾಳು. ಹಾಗಾಗಿ ತಂತಿ ಎಳೆದು ಮಾರುವ ಮಟ್ಟಕ್ಕೆ ಯಾರೂ ಹೋಗಲಿಲ್ಲ.

ಪಂಜರದ ಒಳಗೆ ಏನಾದರೂ ಇಡಬಹುದಾ?

ಇಡಬಹುದು, ಇಟ್ಟಿದ್ದಾರೆ. ಗ್ರಾಫೈಟ್ ಕಡ್ಡಿಯಲ್ಲೇ ಲ್ಯಾಂಥನಂ ಬೆರೆಸಿ ಆರ್ಕ್ ಹೊತ್ತಿಸಿದರೆ ಲ್ಯಾಂಥನಂ ಒಳಗೆ ಸಿಕ್ಕಿಕೊಂಡ ಸಿ82 ಬರುತ್ತದೆ. ಗ್ಯಾಡೋಲಿನಿಯಂ ಕೂಡಿ ಹಾಕಿದರೆ ಎಂಆರ್‌ಐ ಚಿತ್ರ ಸ್ಪಷ್ಟ ಮಾಡಲು ಬಳಸಬಹುದು ಎಂದು ಪ್ರಯೋಗ ನಡೆದಿವೆ. ಗ್ಯಾಡೋಲಿನಿಯಂ ಮೈಯಲ್ಲಿ ಸೋರಿದರೆ ಅಪಾಯ, ಪಂಜರದಿಂದ ಅದು ಹೊರಬರುವುದಿಲ್ಲ ಅನ್ನುವುದು ಇಲ್ಲಿನ ತರ್ಕ.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಜಪಾನಿನ ಕ್ಯೋಟೊದ ಕೆಲಸ. ಅವರು ರಾಸಾಯನಿಕ ಕ್ರಿಯೆಗಳಿಂದ ಸಿ60ರ ಗೋಡೆಯಲ್ಲಿ ಬಾಗಿಲು ತೆರೆದು, ಒಳಗೆ ಒಂದು ಅಣು ತಳ್ಳಿ, ಬಾಗಿಲನ್ನು ಮತ್ತೆ ಹೊಲಿದರು. 2005ರಲ್ಲಿ ಹೈಡ್ರೋಜನ್, 2011ರಲ್ಲಿ ನೀರು. ಒಂದೇ ಒಂದು ನೀರಿನ ಅಣು, ಅಕ್ಕಪಕ್ಕ ಹೈಡ್ರೋಜನ್ ಬಂಧ ಕಟ್ಟಲು ಯಾರೂ ಇಲ್ಲದೆ!

ಸಾರಜನಕದ ಒಂಟಿ ಪರಮಾಣು ಇರುವ ಸಿ60 ಕೂಡ ಇದೆ. 2015ರಲ್ಲಿ ಆಕ್ಸ್‌ಫರ್ಡ್‌ನ ಒಂದು ಕಂಪನಿ ಅದರ 200 ಮೈಕ್ರೋಗ್ರಾಂ ಅನ್ನು 22,000 ಪೌಂಡಿಗೆ ಮಾರಿತು. ಅತಿ ಪುಟ್ಟ ಪರಮಾಣು ಗಡಿಯಾರಕ್ಕೆ ಬಳಸುವ ಆಸೆ ಅದರ ಹಿಂದೆ ಇತ್ತು.

ಸೋಲಾರ್‌ನಲ್ಲಿ ಬಳಸುತ್ತಾರಂತೆ. ನಿಜವಾ?

ನಿಜ, ಮತ್ತು ಸಿ60ರ ಅತಿ ಗಟ್ಟಿಯಾದ ಬಳಕೆ ಇದೇ. ಎಲ್ಲದರ ಬೇರು ಮತ್ತೆ ಆ ಎಲೆಕ್ಟ್ರಾನ್ ಹಸಿವಿನಲ್ಲಿದೆ.

ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಏಳುತ್ತದೆ, ಆದರೆ ತಾನು ಬಿಟ್ಟು ಬಂದ ಜಾಗಕ್ಕೇ ಬೇಗ ವಾಪಸ್ ಬೀಳುತ್ತದೆ. ಪಕ್ಕದಲ್ಲಿ ಸಿ60 ಇದ್ದರೆ ಅದು ಬೀಳುವ ಮುಂಚೆಯೇ ಎತ್ತಿಕೊಳ್ಳುತ್ತದೆ. 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಸಾರಿಸಿಫ್‌ಚಿ, ಹೀಗರ್ ಮತ್ತಿತರರು ಇದನ್ನು ತೋರಿಸಿದರು. ಸಾದಾ ಸಿ60 ಸರಿಯಾಗಿ ಕರಗುವುದಿಲ್ಲ, ಉಂಡೆ ಕಟ್ಟುತ್ತದೆ. ಅದಕ್ಕೆ ಒಂದು ಬಾಲ ಅಂಟಿಸಿ ಪಿಸಿಬಿಎಂ ಎಂಬ ಅಣು ಮಾಡಿದರು. ಮುಂದಿನ ಇಪ್ಪತ್ತು ವರ್ಷ ಪ್ಲಾಸ್ಟಿಕ್ ಸೋಲಾರ್ ಸೆಲ್ ಅಂದರೆ ಪಾಲಿಮರ್ ಮತ್ತು ಪಿಸಿಬಿಎಂ ಬೆರಕೆ ಅಂತಲೇ ಆಯಿತು.

ಆಮೇಲೆ ಕಥೆ ತಿರುಗಿತು. ಪಿಸಿಬಿಎಂ ಬಿಸಿಲನ್ನು ತಾನೇ ಹೀರುವುದು ಕಡಿಮೆ. ಅದರ ದಕ್ಷತೆ 11%ರ ಆಚೆ ಹೋಗಲು ಒದ್ದಾಡಿತು. 2015ರ ಬಳಿಕ ಫುಲರೀನ್ ಇಲ್ಲದ ಹೊಸ ಅಣುಗಳು ಬಂದು 18% ದಾಟಿದವು. ಆ ಆಟದಲ್ಲಿ ಫುಲರೀನ್ ಸೋತಿತು ಎಂದೇ ಹೇಳಬೇಕು.

ಆದರೆ ಹಿಂದಿನ ಬಾಗಿಲಿಂದ ಮತ್ತೆ ಬಂದಿದೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ಬೆಳಕು ಹೀರುವ ಹರಳಿನ ಪದರ ಹಚ್ಚಿದ ಜೋಡಿ ಸೆಲ್‌ಗಳು ಈಗ 34% ದಾಟಿವೆ. ಅವುಗಳಲ್ಲಿ ಎಲೆಕ್ಟ್ರಾನ್ ಎತ್ತಿಕೊಳ್ಳುವ ಪದರಕ್ಕೆ ಹೆಚ್ಚಿನವರು ಬಳಸುವುದು ಸಿ60. ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿ ಹಚ್ಚಿದ, 20 ನ್ಯಾನೋಮೀಟರ್ ಆಸುಪಾಸಿನ ಪದರ. ಕರಗಿಸುವ ಗೋಜೇ ಇಲ್ಲ. ಪೆರೋವ್‌ಸ್ಕೈಟ್ ಮತ್ತು ಸಿ60 ತಾಗುವ ಗಡಿಯಲ್ಲಿ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ. ಅದನ್ನು ತಡೆಯುವ ಕೆಲಸ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಈಗ ನಡೆಯುತ್ತಿದೆ.

ಬೇರೆ ಏನೇನಕ್ಕೆ ಬಳಸುತ್ತಾರೆ?

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಬಳಕೆ: ಸಿ60 ಗುಂಡು. ಯಾವುದೋ ವಸ್ತುವಿನ ಮೇಲ್ಮೈಯಲ್ಲಿ ಏನಿದೆ ಎಂದು ನೋಡಲು ಅದಕ್ಕೆ ಅಯಾನುಗಳನ್ನು ಹೊಡೆದು, ಸಿಡಿದದ್ದನ್ನು ತೂಗುವ ವಿಧಾನ ಇದೆ. ಒಂಟಿ ಪರಮಾಣುವಿನಿಂದ ಹೊಡೆದರೆ ಅದು ಆಳಕ್ಕೆ ನುಗ್ಗಿ ಒಳಗಿನದನ್ನೂ ಕೆಡಿಸುತ್ತದೆ. ಸಿ60 ಹೊಡೆದರೆ ತಾಗಿದ ಕ್ಷಣ ಪಂಜರ ಒಡೆದು, 20,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ 60 ಪಾಲಾಗಿ ಹಂಚಿಹೋಗುತ್ತದೆ. ಒಂದೊಂದು ಇಂಗಾಲಕ್ಕೂ 333ರಷ್ಟು. ಮೇಲಿನ ಪದರ ಮಾತ್ರ ಏಳುತ್ತದೆ. ಈಗ ಎಷ್ಟೋ ಕಡೆ ಆರ್ಗಾನ್ ಗುಂಪುಗಳು ಇದರ ಜಾಗಕ್ಕೆ ಬಂದಿವೆ.

ಎಣ್ಣೆಯಲ್ಲಿ ಬೆರೆಸಿದರೆ ಬೇರಿಂಗ್ ಥರ ಉರುಳಿ ಘರ್ಷಣೆ ಕಡಿಮೆ ಮಾಡುತ್ತದೆ ಎಂಬ ಆಸೆ ಬಹಳ ಇತ್ತು. ಬೆಲೆಗೆ ತಕ್ಕ ಲಾಭ ಕಾಣಲಿಲ್ಲ. ಜಪಾನಿನಲ್ಲಿ ಮುಖದ ಕ್ರೀಮುಗಳಿಗೆ ಸೇರಿಸುತ್ತಾರೆ, ಫ್ರೀ ರಾಡಿಕಲ್‌ಗಳನ್ನು (ಸಿಕ್ಕಿದ್ದರ ಜೊತೆ ಕ್ರಿಯೆ ನಡೆಸುವ, ಜೋಡಿಯಿಲ್ಲದ ಎಲೆಕ್ಟ್ರಾನಿನ ಅಣುಗಳನ್ನು) ಹೀರುತ್ತದೆ ಎಂದು. ಹೀರುವುದು ನಿಜ. ಚರ್ಮಕ್ಕೆ ಅದರಿಂದ ಎಷ್ಟು ಉಪಯೋಗ ಅನ್ನುವುದು ಬೇರೆ ಮಾತು. ಯುರೋಪಿಯನ್ ಒಕ್ಕೂಟದ ತಜ್ಞರ ಸಮಿತಿ 2023ರಲ್ಲಿ ಇದು ಸುರಕ್ಷಿತ ಎನ್ನಲು ಮಾಹಿತಿ ಸಾಲದು ಎಂದಿತು.

ಸಿ60 ಬೆರೆಸಿದ ಆಲಿವ್ ಎಣ್ಣೆ ಕುಡಿದರೆ ಆಯುಷ್ಯ ಹೆಚ್ಚುತ್ತಾ?

ಇಲ್ಲ. ದಯವಿಟ್ಟು ಕುಡಿಯಬೇಡಿ, ಮನೆಯ ಹಿರಿಯರಿಗೂ ಕೊಡಿಸಬೇಡಿ.

ಈ ಸುದ್ದಿಯ ಮೂಲ 2012ರ ಒಂದು ಪ್ರಯೋಗ. ಇಲಿಗಳಿಗೆ ಈ ಎಣ್ಣೆ ಕೊಟ್ಟಾಗ ಆಯುಷ್ಯ ಹೆಚ್ಚುಕಡಿಮೆ ಎರಡರಷ್ಟಾಯಿತು ಎಂದು ಬರೆದಿದ್ದರು. ಒಂದು ಗುಂಪಿನಲ್ಲಿ ಇದ್ದದ್ದು ಆರು ಇಲಿ. ಅಷ್ಟರ ಮೇಲೆ ವ್ಯಾಪಾರ ಶುರುವಾಯಿತು. 2021ರಲ್ಲಿ ಪ್ರಕಟವಾದ, ಇನ್ನೂ ಎಚ್ಚರಿಕೆಯಿಂದ ಮಾಡಿದ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಅಷ್ಟೇ ಅಲ್ಲ, ಬೆಳಕಿಗೆ ಇಟ್ಟ ಎಣ್ಣೆ ಇಲಿಗಳಿಗೆ ವಿಷವಾಯಿತು. ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಇದು ಅಚ್ಚರಿಯಲ್ಲ. ಬೆಳಕು ಬಿದ್ದಾಗ ಸಿ60 ಪಕ್ಕದ ಆಮ್ಲಜನಕವನ್ನು ಕೆರಳಿಸಿ ಸಿಂಗ್ಲೆಟ್ ಆಮ್ಲಜನಕ ಮಾಡುತ್ತದೆ, ಅದೂ ಬಲು ಸಮರ್ಥವಾಗಿ. ಎಣ್ಣೆ ಬೆಳಕಿನಲ್ಲಿ ಕೆಡದೆ ಇನ್ನೇನಾಗುತ್ತದೆ? ಕತ್ತಲಲ್ಲಿ ರಾಡಿಕಲ್ ಹೀರುವ ಅಣು ಬೆಳಕಿನಲ್ಲಿ ಉಲ್ಟಾ ಕೆಲಸ ಮಾಡುತ್ತದೆ ಅನ್ನುವುದನ್ನು ಜಾಹೀರಾತಿನವರು ಹೇಳುವುದಿಲ್ಲ.

ಹಾಗಾದರೆ ಔಷಧಿಯಲ್ಲಿ ಪಂಜರಗಳಿಗೆ ಜಾಗವೇ ಇಲ್ಲವಾ?

ಇದೆ, ಧಾರಾಳವಾಗಿ ಇದೆ. ಆದರೆ ಸಿ60ಕ್ಕೆ ಅಲ್ಲ. 1993ರಲ್ಲಿ ಸಿ60 ಎಚ್‌ಐವಿಯ ಪ್ರೋಟಿಯೇಸ್ ಕಿಣ್ವದ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ ಎಂದು ತೋರಿಸಿದಾಗ ದೊಡ್ಡ ಸುದ್ದಿಯಾಯಿತು. ಮಾತ್ರೆ ಬರಲಿಲ್ಲ.

ಮಾತ್ರೆಯಾಗಿ ಬಂದದ್ದು ಅಡಮಾಂಟೇನ್. ಹತ್ತು ಇಂಗಾಲ, ಹದಿನಾರು ಹೈಡ್ರೋಜನ್. ವಜ್ರದ ಚೌಕಟ್ಟಿನಿಂದ ಅತಿ ಚಿಕ್ಕ ಪಂಜರವನ್ನು ಕತ್ತರಿಸಿ ತೆಗೆದು, ಅಂಚುಗಳಿಗೆ ಹೈಡ್ರೋಜನ್ ಕಟ್ಟಿದರೆ ಇದೇ ಸಿಗುತ್ತದೆ. 1933ರಲ್ಲಿ ಈಗಿನ ಜೆಕ್ ದೇಶದ ಹೊಡೊನೀನ್ ಎಂಬಲ್ಲಿನ ಕಚ್ಚಾ ತೈಲದಲ್ಲಿ ಸಿಕ್ಕಿತು. ಬಿಳಿ ಹರಳು, ಕರ್ಪೂರದ ವಾಸನೆ, ತೆರೆದಿಟ್ಟರೆ ಕರ್ಪೂರದ ಹಾಗೇ ಮೆಲ್ಲಗೆ ಆರಿಹೋಗುತ್ತದೆ. 1957ರಲ್ಲಿ ಪಾಲ್ ಶ್ಲೇಯರ್ ಅಲ್ಯೂಮಿನಿಯಂ ಕ್ಲೋರೈಡ್ ಹಾಕಿ ಬೇರೆ ಹೈಡ್ರೋಕಾರ್ಬನ್‌ನಿಂದ ಇದನ್ನು ಸಲೀಸಾಗಿ ಮಾಡುವ ದಾರಿ ಕಂಡುಕೊಂಡರು. ಬೆಲೆ ಇಳಿಯಿತು.

ಅದಕ್ಕೆ ಒಂದು ಅಮೈನ್ (ಸಾರಜನಕದ) ಗುಂಪು ಸೇರಿಸಿದರೆ ಅಮಾಂಟಡೀನ್ ಎಂಬ ಔಷಧಿ. ಫ್ಲೂ ವೈರಸ್ಸಿನ ಮೈಮೇಲೆ ಪ್ರೋಟಾನ್ ಒಳಗೆ ಬಿಡುವ ಸಣ್ಣ ಕಾಲುವೆ ಇದೆ. ಈ ಪಂಜರ ಅದರಲ್ಲಿ ಬಿರಡೆಯಾಗಿ ಕೂರುತ್ತದೆ. 1966ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷದಲ್ಲಿ ಇನ್ನೊಂದು ತಿರುವು. ಪಾರ್ಕಿನ್‌ಸನ್ಸ್ ಇದ್ದ 58 ವರ್ಷದ ಹೆಂಗಸೊಬ್ಬರು ಫ್ಲೂ ಬಾರದಿರಲಿ ಎಂದು ಇದನ್ನು ತೆಗೆದುಕೊಂಡಾಗ ನಡುಕ, ಬಿಗಿತ ಕಡಿಮೆಯಾಯಿತು. ಮಾತ್ರೆ ನಿಲ್ಲಿಸಿದಾಗ ಮತ್ತೆ ಬಂತು. ವೈದ್ಯರು ಅದನ್ನು ಗಮನಿಸಿದರು. ಇವತ್ತು ಫ್ಲೂ ವೈರಸ್ ಆ ಬಿರಡೆಗೆ ಜಗ್ಗುವುದಿಲ್ಲ, ಆದರೆ ಪಾರ್ಕಿನ್‌ಸನ್ಸ್‌ಗೆ ಅಮಾಂಟಡೀನ್ ಬಳಕೆಯಲ್ಲಿದೆ. ಅದರ ತಮ್ಮ ಮೆಮಾಂಟೀನ್ ಅನ್ನು ಅಲ್‌ಝೈಮರ್ಸ್‌ಗೆ ಕೊಡುತ್ತಾರೆ.

ಈಗ ನಿಮ್ಮ ಮನೆಯ ಔಷಧಿ ಡಬ್ಬಿ ತೆಗೆದು ನೋಡಿ. ಸಕ್ಕರೆ ಕಾಯಿಲೆಯವರು ಇದ್ದರೆ ವಿಲ್ಡಾಗ್ಲಿಪ್ಟಿನ್ ಎಂದು ಬರೆದ ಮಾತ್ರೆ ಸಿಕ್ಕರೂ ಸಿಗಬಹುದು. 2019ರ ಕೊನೆಯಲ್ಲಿ ನಮ್ಮಲ್ಲಿ ಅದರ ಪೇಟೆಂಟ್ ಮುಗಿದು, ಹತ್ತಾರು ಕಂಪನಿಗಳು ತಯಾರಿಸಲು ಶುರು ಮಾಡಿದ ಮೇಲೆ ಬೆಲೆ ಬಹಳ ಇಳಿಯಿತು. ಆ ಅಣುವಿನ ಒಂದು ತುದಿಯಲ್ಲಿ ಅಡಮಾಂಟೇನ್ ಪಂಜರ ಇದೆ. ಅದು ಅಲಂಕಾರಕ್ಕಲ್ಲ. ಅಣುವಿನ ಅಮೈನ್ ತುದಿ ಬಾಗಿ ಬಂದು ತನ್ನದೇ ನೈಟ್ರೈಲ್ ತುದಿಯನ್ನು ಕಚ್ಚಿ ಹಾಳಾಗುವ ಚಾಳಿ ಈ ಜಾತಿಯ ಅಣುಗಳಿಗಿದೆ. ದಪ್ಪ ಪಂಜರ ಅಡ್ಡ ಕೂತು ಅದನ್ನು ತಡೆಯುತ್ತದೆ. ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್‌ನಲ್ಲೂ ಇದೇ ಪಂಜರ. ನೊಬೆಲ್ ಬಂದದ್ದು ಸಿ60ಕ್ಕೆ, ಮೆಡಿಕಲ್ ಶಾಪಿಗೆ ಬಂದದ್ದು ಇದು.

ಕ್ಯೂಬೇನ್ ಅಂದರೆ?

ಎಂಟು ಇಂಗಾಲ, ಘನದ ಎಂಟು ಮೂಲೆ. ಇಂಗಾಲಕ್ಕೆ 109 ಡಿಗ್ರಿ ಹಿತ, ಇಲ್ಲಿ 90ಕ್ಕೆ ಬಗ್ಗಿಸಿದ್ದಾರೆ. ಇಂಥದ್ದು ನಿಲ್ಲುವುದೇ ಇಲ್ಲ ಎಂದು ಹಲವರು ಹೇಳುತ್ತಿದ್ದಾಗ 1964ರಲ್ಲಿ ಶಿಕಾಗೊದ ಫಿಲಿಪ್ ಈಟನ್ ಮತ್ತು ಥಾಮಸ್ ಕೋಲ್ ಮಾಡಿ ತೋರಿಸಿದರು. ಒಳಗೆ ಬಿಗಿತ ತುಂಬಿದೆ, ಆದರೂ ಮಾಮೂಲಿ ಬಿಸಿಗೆ ಒಡೆಯುವುದಿಲ್ಲ. ಒಡೆಯಲು ಸುಲಭದ ದಾರಿ ಇಲ್ಲದಿರುವುದೇ ಕಾರಣ. ಎಂಟೂ ಮೂಲೆಗೆ ನೈಟ್ರೋ ಗುಂಪು ಕಟ್ಟಿ ಭಾರಿ ಸ್ಫೋಟಕವನ್ನೂ ಮಾಡಿದ್ದಾರೆ. ತಯಾರಿಸುವುದು ಎಷ್ಟು ಕಷ್ಟ ಅಂದರೆ ಯಾರೂ ಬಾಂಬಿಗೆ ಬಳಸುವುದಿಲ್ಲ.

ಬಾಹ್ಯಾಕಾಶದಲ್ಲಿ ನಿಜಕ್ಕೂ ಸಿಕ್ಕಿದೆಯಾ?

ಸಿಕ್ಕಿದೆ. 2010ರಲ್ಲಿ ಸ್ಪಿಟ್ಜರ್ ದೂರದರ್ಶಕದ ಅವಗೆಂಪು ದಾಖಲೆಗಳಲ್ಲಿ, ಸಾಯುತ್ತಿರುವ ನಕ್ಷತ್ರ ಉಗುಳಿದ ಟಿಸಿ-1 ಎಂಬ ಮೋಡದಲ್ಲಿ ಸಿ60, ಸಿ70 ಎರಡರ ಗುರುತೂ ಕಂಡವು. 2015ರಲ್ಲಿ ಇನ್ನೊಂದು ಗಂಟು ಬಿಚ್ಚಿತು. ನಕ್ಷತ್ರಗಳ ಬೆಳಕಿನಲ್ಲಿ ಕಾಣುವ, ಯಾವ ಅಣುವಿನದು ಎಂದೇ ತಿಳಿಯದ ನೂರಾರು ಗೆರೆಗಳಿವೆ. ಅವುಗಳಲ್ಲಿ ಎರಡು, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸಿ60ರವು ಎಂದು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನ ಜಾನ್ ಮೇಯರ್ ತಂಡ ಲ್ಯಾಬಿನಲ್ಲಿ ಅಳೆದು ತೋರಿಸಿತು. ನಕ್ಷತ್ರಗಳ ಇಂಗಾಲ ಹುಡುಕಿಕೊಂಡು ಹ್ಯೂಸ್ಟನ್‌ಗೆ ಹೋಗಿದ್ದ ಕ್ರೋಟೊ ಎರಡನ್ನೂ ನೋಡಿ 2016ರಲ್ಲಿ ತೀರಿಕೊಂಡರು.

ಕರ್ನಾಟಕದಲ್ಲಿ ಈ ಕೆಲಸ ನಡೆದಿದೆಯಾ?

ಚೆನ್ನಾಗಿಯೇ ನಡೆದಿದೆ. 1990ರ ದಶಕದ ಮೊದಲ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಆರ್ಕ್ ವಿಧಾನದಲ್ಲಿ ಫುಲರೀನ್ ತಯಾರಿಸಿ ಅಧ್ಯಯನ ಶುರು ಮಾಡಿತ್ತು, ಐಐಎಸ್‌ಸಿಯಲ್ಲಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ. ಎ.ಕೆ. ಸೂದ್ ಅವರು ರಾಮನ್ ಬೆಳಕಿನ ವಿಧಾನದಿಂದ ಈ ಹರಳುಗಳನ್ನು ಭಾರಿ ಒತ್ತಡದಲ್ಲಿ ನೋಡಿದರು. ಸಿ70 ಹರಳನ್ನು ಜೋರಾಗಿ ಒತ್ತಿದರೆ ಅದರ ಜೋಡಣೆ ಚೆದುರಿಹೋಗುತ್ತದೆ, ಒತ್ತಡ ತೆಗೆದರೆ ಮತ್ತೆ ಮೊದಲಿನ ಹಾಗಾಗುತ್ತದೆ ಎಂದು ಸೂದ್, ರಾವ್ ಮತ್ತು ಕಲ್ಪಾಕ್ಕಂನ ವಿಜ್ಞಾನಿಗಳು ಸೇರಿ 1994ರಲ್ಲಿ ಪ್ರಕಟಿಸಿದರು. ಚೌಕಟ್ಟು ಮುರಿಯದೆ ಅಷ್ಟು ಒತ್ತಡ ತಡೆಯಿತು ಅನ್ನುವುದು ಇಲ್ಲಿನ ಸ್ವಾರಸ್ಯ.

ನ್ಯಾನೊಟ್ಯೂಬ್, ಗ್ರಾಫೀನ್ ಕೂಡ ಇದೇನಾ?

ನೆಂಟರು. ಗ್ರಾಫೀನ್ ಚಪ್ಪಟೆ ಹಾಳೆ, ನ್ಯಾನೊಟ್ಯೂಬ್ ಸುರುಳಿ ಸುತ್ತಿದ ಹಾಳೆ. ತುದಿ ಮುಚ್ಚಿದ ನ್ಯಾನೊಟ್ಯೂಬ್ ಆದರೆ ಎರಡು ತುದಿಗೂ ಆರಾರು ಐದು-ಮೂಲೆ ಉಂಗುರ ಬೇಕು. ಲೆಕ್ಕ ಅದೇ, ಹನ್ನೆರಡು.

ಕಾಲೇಜಿಗೆ ಸಿ60 ತರಿಸಿದರೆ ಹೇಗೆ ಇಡಬೇಕು?

ಗ್ರಾಂ ಒಂದಕ್ಕೆ ಸಾವಿರಾರು ರೂಪಾಯಿ. ಬಣ್ಣ ತೋರಿಸಲು ಮಿಲಿಗ್ರಾಂಗಳು ಸಾಕು, ಸುಮ್ನೆ ಜಾಸ್ತಿ ತರಿಸಬೇಡಿ. ಶುದ್ಧತೆ 99.5% ಬೇಕಿಲ್ಲ. ಸಿ60, ಸಿ70 ಬೆರಕೆ ತರಿಸಿದರೆ ಅಗ್ಗ, ಮಕ್ಕಳಿಗೆ ಬೇರ್ಪಡಿಸುವ ಪ್ರಯೋಗವೂ ಆಗುತ್ತದೆ. ಕಂದು ಬಾಟಲಿಯಲ್ಲಿ, ಕತ್ತಲಲ್ಲಿ ಇಡಿ. ಬೆಳಕು, ಗಾಳಿ ಎರಡೂ ಸೇರಿದರೆ ಮೆಲ್ಲಗೆ ಆಮ್ಲಜನಕ ಅಂಟಿಸಿಕೊಳ್ಳುತ್ತದೆ. ದ್ರಾವಣ ಮಾಡಿಟ್ಟರೆ ಇನ್ನೂ ಬೇಗ. ತೂಗುವಾಗ ಪುಡಿ ಹಾರದಂತೆ ನೋಡಿಕೊಳ್ಳಿ, ಮಾಸ್ಕ್ ಇರಲಿ. ಇಲ್ಲಿ ನಿಜವಾದ ಅಪಾಯ ಸಿ60ಕ್ಕಿಂತ ಟಾಲ್ವೀನ್ ಹೊಗೆಯದ್ದು. ಫ್ಯೂಮ್ ಹುಡ್ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ಆರ್ಡರ್ ಮಾಡಿ.